ಬಂಗಾರಪೇಟೆಯ ಪ್ರವರ

ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೊರಟ ರೈಲು ಬಂಗಾರಪೇಟೆಯಲ್ಲಿ ನಿಂತಾಗ ಕಿಟಕಿಯ ಪಕ್ಕದಲ್ಲಿ ಕುಳಿತ ಹೊಸಬರು ಹೊರಗಿನ ಹಲಗೆಯನ್ನು ಓದಿ ತಲೆದೂಗುವುದುಂಟು. ‘ಚಿನ್ನದ ಗಣಿ ಇಲ್ಲೇ ಹತ್ತಿರವಲ್ಲವೇ, ಹೆಸರು ಚೆನ್ನಾಗಿ ಒಪ್ಪಿದೆ’ ಎನ್ನುತ್ತಾರೆ. ಒಪ್ಪಿರುವುದೇನೋ ನಿಜ. ಆದರೆ ರೈಲ್ವೆಯವರು ತಮ್ಮ ಲೆಕ್ಕಪತ್ರಗಳಲ್ಲಿ ಈ ನಿಲ್ದಾಣಕ್ಕೆ ಇಟ್ಟುಕೊಂಡಿರುವ ಗುರುತಿನ ಅಕ್ಷರಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಆ ಅಕ್ಷರಗಳು ಬಿ, ಡಬ್ಲ್ಯು, ಟಿ. ಬಂಗಾರದಲ್ಲಿ ಡಬ್ಲ್ಯು ಎಲ್ಲಿಂದ ಬಂತು?

ಬಂದದ್ದು ಬೌರಿಂಗ್‌ಪೇಟೆಯಿಂದ. ಊರಿನ ಮೊದಲ ಹೆಸರು ಅದೇ. ಕನ್ನಡದ ನಾಲಗೆಯಲ್ಲಿ ಹೊರಳಿ ಹೊರಳಿ ಬೌರಿಂಗ್ ಸಾಹೇಬ ಬಂಗಾರವಾದ. ರೈಲ್ವೆಯ ಪುಸ್ತಕದಲ್ಲಿ ಮಾತ್ರ ಅವನ ಡಬ್ಲ್ಯು ಹಾಗೆಯೇ ಉಳಿಯಿತು. ಮಣ್ಣಿನಲ್ಲಿ ಚಿನ್ನ ಹುದುಗಿರುವಂತೆ ಹೆಸರಿನಲ್ಲಿ ಮನುಷ್ಯರು ಹುದುಗಿರುತ್ತಾರೆ.

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಆದರೆ ಸಂಧ್ಯಾವಂದನೆಯಲ್ಲಿ ಗೋತ್ರಪ್ರವರವನ್ನು ತಪ್ಪದೆ ಹೇಳಿಸಿದವರೂ ಅವರೇ. ಊರಿಗೂ ಒಂದು ಪ್ರವರ ಇರಬಾರದೇಕೆ? ಬಂಗಾರಪೇಟೆ ಮತ್ತು ಅದರ ಮಗ್ಗುಲಿನ ಕೋಲಾರದ ಚಿನ್ನದ ಗಣಿ ಈ ಎರಡರ ಹಿಂದೆಯೂ ಇಂಗ್ಲೆಂಡಿನ ಎರಡು ಮನೆತನಗಳಿವೆ. ನಿಲ್ದಾಣಕ್ಕೆ ಹೆಸರು ಕೊಟ್ಟದ್ದು ಬೌರಿಂಗ್ ಮನೆತನ. ಗಣಿಯನ್ನು ಎಪ್ಪತ್ತಾರು ವರ್ಷ ಆಳಿದ್ದು ಟೇಲರ್ ಮನೆತನ. ಇವೆರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣದಿಂದ ಕೋಲಾರದ ನೆಲಕ್ಕೆ ಬಂದಂತೆ ಕಾಣುತ್ತದೆ. ಆದರೆ ಬೇರನ್ನು ಹಿಡಿದು ಹೋದರೆ ಎರಡು ಮರಗಳ ಕೊಂಬೆಗಳೂ ಲಂಡನ್ನಿನ ಒಂದೇ ಮನೆಯ ತೋಟದಲ್ಲಿ ತಾಗಿದ್ದು ಗೋಚರವಾಗುತ್ತದೆ. ಆ ಸೋಜಿಗವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಅದರ ಜೊತೆಗೆ, ವಂಶಾವಳಿಯೇ ಇಲ್ಲದೆ ಹೋದವರ ಮಾತನ್ನೂ ಕೊನೆಯಲ್ಲಿ ಎತ್ತಬೇಕಾಗಿದೆ.

ಹೆಸರೇ ವಂಶವೃಕ್ಷ

ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದ ಕಾಲದಲ್ಲಿ, 1862ರಿಂದ 1870ರವರೆಗೆ ಆ ಪದವಿಯಲ್ಲಿದ್ದವನು ಲೆವಿನ್ ಬೆಂಥಮ್ ಬೌರಿಂಗ್. ಬೆಂಗಳೂರಿನವರಿಗೆ ಬೌರಿಂಗ್ ಆಸ್ಪತ್ರೆ, ಬೌರಿಂಗ್ ಇನ್‌ಸ್ಟಿಟ್ಯೂಟುಗಳ ಮೂಲಕ ಪರಿಚಯವಾದ ಹೆಸರು. ಈ ಹೆಸರಿನ ಮೂರು ಭಾಗಗಳನ್ನು ಬಿಡಿಸಿದರೆ ಸಾಕು, ಮನೆತನದ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ. ಲೆವಿನ್ ಎಂಬುದು ತಾಯಿಯ ತವರುಮನೆಯ ಹೆಸರು. ತಾಯಿ ಮರಿಯಾ ಲೆವಿನ್. ಬೌರಿಂಗ್ ಎಂಬುದು ತಂದೆಯ ಮನೆತನ. ನಡುವಿನ ಬೆಂಥಮ್ ರಕ್ತಸಂಬಂಧದ ಹೆಸರಲ್ಲ. ಅದು ತಂದೆಯ ಗುರುವಿನ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪ್ರವರದ ಋಷಿ.

ತಂದೆ ಜಾನ್ ಬೌರಿಂಗ್ ಇಂಗ್ಲೆಂಡಿನ ನೈಋತ್ಯ ಮೂಲೆಯ ಎಕ್ಸಿಟರ್ ಪಟ್ಟಣದಲ್ಲಿ 1792ರಲ್ಲಿ ಹುಟ್ಟಿದವನು. ಮನೆಯವರದು ಉಣ್ಣೆಬಟ್ಟೆಯ ವ್ಯಾಪಾರ, ಮತದಲ್ಲಿ ಅವರು ಯೂನಿಟೇರಿಯನ್ನರು. ದೇವರು ಒಬ್ಬನೇ, ತ್ರಿತ್ವವೆಂಬುದಿಲ್ಲ ಎಂದು ನಂಬುವ ಈ ಪಂಗಡದವರಿಗೆ ಆಗಿನ ಇಂಗ್ಲೆಂಡಿನಲ್ಲಿ ಅಷ್ಟೇನೂ ಮರ್ಯಾದೆಯಿರಲಿಲ್ಲ. ರಾಜಮತದ ಚರ್ಚಿಗೆ ಸೇರದವರಿಗೆ ಆಕ್ಸ್‌ಫರ್ಡಿನಲ್ಲಿ ಪದವಿ ದೊರೆಯದು, ಸರಕಾರಿ ಅಧಿಕಾರಕ್ಕೆ ನೂರೆಂಟು ಅಡ್ಡಿ. ಹೀಗೆ ಮುಂಬಾಗಿಲು ಮುಚ್ಚಿದ್ದರಿಂದಲೋ ಏನೋ, ಅವರು ವ್ಯಾಪಾರ, ವಿಜ್ಞಾನ, ಪತ್ರಿಕೋದ್ಯಮ, ಸಮಾಜಸುಧಾರಣೆ ಮುಂತಾದ ಪಕ್ಕದ ಬಾಗಿಲುಗಳಿಂದ ಒಳಕ್ಕೆ ನುಗ್ಗಿದರು.

ಜಾನ್ ಬೌರಿಂಗನಂಥ ಚಟುವಟಿಕೆಯ ಮನುಷ್ಯರು ವಿರಳ. ಹತ್ತಾರು ಭಾಷೆ ಕಲಿತ. ರಷ್ಯನ್, ಪೋಲಿಷ್ ಕವಿತೆಗಳನ್ನು ಇಂಗ್ಲಿಷಿಗೆ ತಂದ. ಪ್ರಾರ್ಥನಾಗೀತೆಗಳನ್ನು ಬರೆದ. 1822ರಲ್ಲಿ ಫ್ರಾನ್ಸಿನ ಸರಕಾರ ಈತನನ್ನು ಕ್ಯಾಲೆಯಲ್ಲಿ ಹಿಡಿದು ಸೆರೆಯಲ್ಲಿಟ್ಟಿತು. ತತ್ತ್ವಜ್ಞಾನಿ ಜೆರೆಮಿ ಬೆಂಥಮ್‌ನ ಪರಿಚಯವಾದ ಮೇಲೆ ಅವನ ನೆಚ್ಚಿನ ಶಿಷ್ಯನಾದ. ಅತ್ಯಧಿಕ ಜನರಿಗೆ ಅತ್ಯಧಿಕ ಸುಖ ದೊರೆಯುವಂತೆ ಕಾನೂನು ಇರಬೇಕೆಂದು ವಾದಿಸಿದವನೇ ಈ ಬೆಂಥಮ್. ಗುರುವಿನ ಹಣದಿಂದ 1824ರಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆ ಹೊರಟಾಗ ಶಿಷ್ಯನೇ ಅದರ ಸಂಪಾದಕ. ಅದೇ ವರ್ಷ ಹುಟ್ಟಿದ ಮಗನಿಗೆ ಗುರುವಿನ ಹೆಸರಿಟ್ಟ. ಆ ಮಗುವೇ ನಮ್ಮ ಬೌರಿಂಗ್‌ಪೇಟೆಯ ಬೌರಿಂಗ್. ರಾಜಾ ರಾಮಮೋಹನ ರಾಯರು 1831ರಲ್ಲಿ ಲಂಡನ್ನಿಗೆ ಹೋದಾಗ ಯೂನಿಟೇರಿಯನ್ನರ ಸಭೆಯಲ್ಲಿ ಅವರನ್ನು ಸ್ವಾಗತಿಸಿ ಮಾತಾಡಿದವರಲ್ಲಿಯೂ ತಂದೆ ಬೌರಿಂಗ್ ಇದ್ದ. 1832ರಲ್ಲಿ ಬೆಂಥಮ್ ತೀರಿಕೊಂಡ ಮೇಲೆ ಅವನ ಗ್ರಂಥಗಳನ್ನು ಹನ್ನೊಂದು ಸಂಪುಟಗಳಲ್ಲಿ ಅಚ್ಚುಹಾಕಿಸಿದವನೂ ಈತನೇ.

ಇಂಥವನು ಮುಂದೆ ಹಾಂಗ್‌ಕಾಂಗಿನ ಗವರ್ನರನಾದ. ಯೌವನದಲ್ಲಿ ಶಾಂತಿಯ ಪರವಾಗಿ ಮಾತಾಡಿದವನ ಅಧಿಕಾರದಲ್ಲಿಯೇ 1856ರಲ್ಲಿ ಕ್ಯಾಂಟನ್ ಪಟ್ಟಣದ ಮೇಲೆ ಫಿರಂಗಿಗಳು ಹಾರಿದುವು. ಎರಡನೆಯ ಅಫೀಮು ಯುದ್ಧ ಹೊತ್ತಿಕೊಂಡಿತು. ಮರುವರ್ಷದ ಜನವರಿಯಲ್ಲಿ ಹಾಂಗ್‌ಕಾಂಗಿನ ಬಿಳಿಯರು ತಿನ್ನುವ ರೊಟ್ಟಿಯಲ್ಲಿ ಪಾಷಾಣ ಬೆರೆತು ನೂರಾರು ಜನ ನರಳಿದರು. ಗವರ್ನರನ ಹೆಂಡತಿ ಮರಿಯಾ ಸಹ ಕಾಯಿಲೆ ಬಿದ್ದು ಇಂಗ್ಲೆಂಡಿಗೆ ಮರಳಿದಳು, 1858ರಲ್ಲಿ ತೀರಿಕೊಂಡಳು. ಮಗ ಲೆವಿನ್ ಆ ಹೊತ್ತಿಗೆ ಇಂಡಿಯಾದಲ್ಲಿದ್ದ. ಗವರ್ನರ್ ಜನರಲ್ ಕ್ಯಾನಿಂಗನಿಗೆ ಖಾಸಗಿ ಕಾರ್ಯದರ್ಶಿಯಾದದ್ದು ಅದೇ ವರ್ಷ. ಒಡಹುಟ್ಟಿದವರೂ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದವರು. ಜಾನ್ ಚಾರ್ಲ್ಸ್ ಚೀನದ ವ್ಯಾಪಾರದಲ್ಲಿದ್ದುಕೊಂಡು ದುಂಬಿ ಜೀರುಂಡೆಗಳನ್ನು ಕೂಡಿಹಾಕಿದ. ಎಡ್ಗರ್ ಜರ್ಮನಿಯ ಮಹಾಕವಿ ಗಯಟೆಯ ಕವಿತೆಗಳನ್ನು ಭಾಷಾಂತರಿಸಿ ಪಾರ್ಲಿಮೆಂಟಿನ ಸದಸ್ಯನಾದ. ತಂಗಿ ಎಮಿಲಿ ಮನೆಯ ಮತವನ್ನು ಬಿಟ್ಟು ಕ್ಯಾಥೊಲಿಕ್ ಸಂನ್ಯಾಸಿನಿಯಾಗಿ ಹಾಂಗ್‌ಕಾಂಗಿನಲ್ಲಿಯೇ ನೆಲಸಿದಳು.

ಲೆವಿನ್ ಬೌರಿಂಗ್ ಮೈಸೂರಿಗೆ ಬಂದ ಎರಡು ವರ್ಷಕ್ಕೆ, 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ರೈಲುದಾರಿ ತೆರೆಯಿತು. ದಾರಿಯ ಒಂದು ನಿಲ್ದಾಣದ ಸುತ್ತ ಅಂಗಡಿ, ಮಂಡಿ, ಛತ್ರಗಳು ಬೆಳೆದು ಪೇಟೆಯಾಯಿತು. ಆಳುವ ಕಮಿಷನರನ ಹೆಸರು ಅದಕ್ಕೆ ಅಂಟಿಕೊಂಡಿತು. ಆಗ ಯಾರ ಮನಸ್ಸಿನಲ್ಲಿಯೂ ಚಿನ್ನವಿರಲಿಲ್ಲ. ಬೌರಿಂಗ್ 1870ರಲ್ಲಿ ಹೊರಟುಹೋದ. ನಿವೃತ್ತನಾದ ಮೇಲೆ ಬರೆದ ಪುಸ್ತಕಗಳಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಚರಿತ್ರೆಯೊಂದು. ಅದು 1893ರಲ್ಲಿ ಅಚ್ಚಾಯಿತು. ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ಬಂಗಾರಪೇಟೆಯ ತಾಲ್ಲೂಕಿನಲ್ಲಿಯೇ. ಊರಿಗೆ ಹೆಸರು ಕೊಟ್ಟವನು ಆ ನೆರೆಯಲ್ಲಿ ಹುಟ್ಟಿದ ವೀರನ ಚರಿತ್ರೆಕಾರನಾದದ್ದು ಒಂದು ಸೊಗಸಾದ ಯೋಗಾಯೋಗ.

ಇಂಗ್ಲಿಷನಲ್ಲದ ಇಂಗ್ಲಿಷಿನವನು

ಟೇಲರ್ ಮನೆತನಕ್ಕೆ ಬರುವ ಮುಂಚೆ, ಈ ಮಣ್ಣಿನಲ್ಲಿ ಚಿನ್ನವಿದೆಯೆಂದು ಮೊದಲು ವರದಿ ಬರೆದವನನ್ನು ನೋಡಬೇಕು. ಟಿಪ್ಪು ಮಡಿದ ಮೇಲೆ ಮೈಸೂರಿನ ಪೂರ್ವದ ಎಲ್ಲೆಯನ್ನು ಗುರುತಿಸಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಇಲ್ಲಿಯ ಚಿನ್ನದ ಸುದ್ದಿ ಕೇಳಿದ. ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿದ. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರಿಗೆ ತೊಳೆದು ಚಿನ್ನದ ಹುಡಿಯನ್ನು ತೆಗೆದು ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಒಂದು ಕಾಳಿನಷ್ಟು ಚಿನ್ನವೆಂದು ಆತ ಲೆಕ್ಕ ಹಾಕಿದ. ಮಾರಿಕುಪ್ಪದಲ್ಲಿ ಊರಿನ ಹೊಲೆಗೇರಿಯ ಜನ ಮೂವತ್ತು ಅಡಿಗೂ ಆಳವಾದ ಬಾವಿಗಳಿಗೆ ಇಳಿದು ಕಲ್ಲು ಒಡೆದು, ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು.

ಈ ವಾರನ್ನನ ವಂಶವನ್ನು ಹುಡುಕಿದರೆ ನಗು ಬರುತ್ತದೆ. ಇಂಗ್ಲಿಷ್ ಸಮವಸ್ತ್ರ ತೊಟ್ಟ ಈ ಅಧಿಕಾರಿ ಇಂಗ್ಲಿಷಿನವನೇ ಅಲ್ಲ. ಮೂಲ ಐರ್ಲೆಂಡು, ಪದಚ್ಯುತನಾದ ಎರಡನೆಯ ಜೇಮ್ಸ್ ದೊರೆಯ ಪಕ್ಷ ಹಿಡಿದು ಮನೆತನ ಫ್ರಾನ್ಸಿಗೆ ಓಡಿಬಂದು ಲೊರೇನಿನಲ್ಲಿ ನೆಲಸಿತ್ತು. ಈತ ಹುಟ್ಟಿದ್ದು 1769ರಲ್ಲಿ ಇಟಲಿಯ ಲಿವೋರ್ನೊದಲ್ಲಿ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಇಂಡಿಯಾಕ್ಕೆ ಬಂದು ಇಂಗ್ಲಿಷರ ಸೈನ್ಯ ಸೇರಿದ. ಆಮೇಲೆ ಮದರಾಸಿನ ವೇಧಶಾಲೆಯಲ್ಲಿ ಖಗೋಳಜ್ಞನಾಗಿದ್ದು, ನಮ್ಮ ದಕ್ಷಿಣದ ಪಂಚಾಂಗಗಳ ಗಣಿತವನ್ನು ಅಭ್ಯಾಸಮಾಡಿ ‘ಕಾಲಸಂಕಲಿತ’ವೆಂಬ ಗ್ರಂಥವನ್ನು 1825ರಲ್ಲಿ ಹೊರತಂದ. 1830ರಲ್ಲಿ ಪುದುಚೇರಿಯಲ್ಲಿ ಕಣ್ಣುಮುಚ್ಚಿದ. ಮಗ ಎಡ್ವರ್ಡ್ ಬ್ರಿಟಿಷರ 55ನೆಯ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿದ್ದ. 1834ರಲ್ಲಿ ಕೊಡಗಿನ ಮೇಲೆ ನಡೆದ ದಂಡಯಾತ್ರೆಯಲ್ಲಿ ಭಾಗವಹಿಸಿದ ದಳ ಅದು. ಮುಂದೆ ಆತ ಬ್ರಿಟಿಷ್ ಇಂಡಿಯಾವನ್ನು ಕುರಿತು ಫ್ರೆಂಚಿನಲ್ಲಿ ಪುಸ್ತಕ ಬರೆದ.

ವಾರನ್ನನ ವರದಿ ಬಹುಕಾಲ ಧೂಳು ತಿಂದಿತು. ನ್ಯೂಜಿಲೆಂಡಿನಲ್ಲಿ ಮಾವೋರಿಗಳೊಡನೆ ಕಾದಿ ಬಂದು ಬೆಂಗಳೂರು ದಂಡಿನಲ್ಲಿ ವಿಶ್ರಾಂತನಾಗಿದ್ದ ಐರಿಷ್ ಸೈನಿಕ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲವೆಲ್ ಅದನ್ನು ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆಗೆ ಹೊರಟ. 1873ರಲ್ಲಿ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಯ ಪರವಾನಗಿ ಪಡೆದ. ಊರಿಗಾಂ ಬಳಿ ಬಾವಿ ತೋಡಿಸಿದ. ಆದರೆ ಒಬ್ಬನ ಜೇಬು ಎಷ್ಟು ಆಳ? ಎರಡು ವರ್ಷದೊಳಗೆ ಹಕ್ಕು ಬೇರೆಯವರಿಗೆ ಹೋಯಿತು. ಬೆಂಗಳೂರಿನ ಲವೆಲ್ ರಸ್ತೆ ಅವನ ಪಾಲಿಗೆ ಉಳಿಯಿತು. 1880ರಲ್ಲಿ ಟೇಲರರು ಬಂದರು.

ದರ್ಜಿಯ ಹೆಸರು, ಗಣಿಯ ಕೆಲಸ

ಇಂಗ್ಲಿಷಿನಲ್ಲಿ ಟೇಲರ್ ಎಂದರೆ ದರ್ಜಿ. ಒಂಬತ್ತು ದರ್ಜಿಗಳು ಸೇರಿದರೆ ಒಬ್ಬ ಮನುಷ್ಯ ಎಂದು ಆ ದೇಶದಲ್ಲಿ ಒಂದು ಗೇಲಿಯ ಗಾದೆಯಿದೆ. ಈ ಮನೆತನದ ವಿಷಯದಲ್ಲಿ ಗಾದೆಯನ್ನು ತಿರುವಿ, ಒಂಬತ್ತು ಮನುಷ್ಯರು ಸೇರಿದರೆ ಒಬ್ಬ ಟೇಲರ್ ಎಂದು ಚಟಾಕಿ ಹಾರಿಸುತ್ತಿದ್ದರಂತೆ.

ಊರು ಇಂಗ್ಲೆಂಡಿನ ಪೂರ್ವದ ನಾರಿಚ್. ಮೂಲಪುರುಷ ಡಾಕ್ಟರ್ ಜಾನ್ ಟೇಲರ್ (1694–1761) ಹೀಬ್ರೂ ಭಾಷೆಯ ಮಹಾಪಂಡಿತ. ಆ ಊರಿನಲ್ಲಿ 1756ರಲ್ಲಿ ಕಟ್ಟಿದ ಎಂಟು ಮೂಲೆಯ ಪ್ರಾರ್ಥನಾಮಂದಿರಕ್ಕೆ ಈತನೇ ಪಾದ್ರಿ. ಇವರೂ ರಾಜಮತವನ್ನು ಒಪ್ಪದ ಪಂಗಡದವರೇ. ಈತನ ಮೊಮ್ಮಗ ಇನ್ನೊಬ್ಬ ಜಾನ್ (1750–1826), ಕಸುಬಿನಲ್ಲಿ ಉಣ್ಣೆನೂಲಿನವನು, ಹವ್ಯಾಸಕ್ಕೆ ಪ್ರಾರ್ಥನಾಗೀತೆಗಳ ಕವಿ. ಎಕ್ಸಿಟರಿನ ಬೌರಿಂಗರನ್ನು ನೆನೆದುಕೊಳ್ಳಿ: ಅಲ್ಲಿಯೂ ಉಣ್ಣೆ, ಅಲ್ಲಿಯೂ ಅದೇ ಮತ, ಅಲ್ಲಿಯೂ ಹಾಡು. ಇಂಗ್ಲೆಂಡಿನ ಎರಡು ತುದಿಗಳಲ್ಲಿ ಒಂದೇ ಅಚ್ಚಿನ ಎರಡು ಮನೆಗಳು.

ಈ ಎರಡನೆಯ ಜಾನನ ಹೆಂಡತಿ ಸುಸಾನಾ ಬಹಳ ಬುದ್ಧಿವಂತೆ. ದೇಶದ ದೊಡ್ಡ ದೊಡ್ಡ ವಿದ್ವಾಂಸರು ನಾರಿಚ್‌ಗೆ ಬಂದರೆ ಆಕೆಯ ಮನೆಗೆ ಬಾರದೆ ಹೋಗುತ್ತಿರಲಿಲ್ಲ. ಮುಂದೆ ಮುಂಬಯಿಯಲ್ಲಿ ನ್ಯಾಯಾಧೀಶನಾದ ಸರ್ ಜೇಮ್ಸ್ ಮ್ಯಾಕಿಂಟಾಷ್ ಆಕೆಯ ಸ್ನೇಹಿತರಲ್ಲೊಬ್ಬ. ಬಂದವರೊಡನೆ ರಾಜಕೀಯ, ತತ್ತ್ವ ಎಲ್ಲವನ್ನೂ ಚರ್ಚಿಸುತ್ತಲೇ ಆಕೆ ಮಕ್ಕಳ ಹರಿದ ಉಣ್ಣೆಯ ಕಾಲುಚೀಲಗಳಿಗೆ ಹೊಲಿಗೆ ಹಾಕುತ್ತಿದ್ದಳು. ಬಾಸ್ಟೀಲ್ ಸೆರೆಮನೆ ಬಿದ್ದ ಸುದ್ದಿ ಬಂದಾಗ ಸ್ವಾತಂತ್ರ್ಯದ ಮರದ ಸುತ್ತ ಕುಣಿದಳೆಂದೂ ಹೇಳುತ್ತಾರೆ. ಏಳು ಮಕ್ಕಳ ತಾಯಿ. ಮಗ ರಿಚರ್ಡ್ ಮುದ್ರಕನಾದ. ವಿಜ್ಞಾನದ ಪುಸ್ತಕಗಳ ಮೇಲೆ ಇಂದಿಗೂ ಕಾಣುವ ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಹೆಸರಿನ ಟೇಲರ್ ಈತನೇ. ಎಡ್ವರ್ಡ್ ಸಂಗೀತದ ಪ್ರಾಧ್ಯಾಪಕ. ಫಿಲಿಪ್ ಯಂತ್ರಶಿಲ್ಪಿಯಾಗಿ ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ನೆಲಸಿದ. ಕಿರಿಯ ಮಗಳು ಸಾರಾ ಜರ್ಮನ್ ಗ್ರಂಥಗಳ ಹೆಸರಾಂತ ಭಾಷಾಂತರಕಾರ್ತಿ.

ಎಲ್ಲರಿಗಿಂತ ಹಿರಿಯ ಜಾನ್ ಟೇಲರ್ (1779–1863) ನಮ್ಮ ಕಥೆಗೆ ಬೇಕಾದವನು. ಹತ್ತೊಂಬತ್ತನೆಯ ವಯಸ್ಸಿಗೇ, 1798ರಲ್ಲಿ, ಡೆವನ್ ಸೀಮೆಯ ಟ್ಯಾವಿಸ್ಟಾಕ್ ಬಳಿಯ ತಾಮ್ರದ ಗಣಿಯೊಂದಕ್ಕೆ ಮೇಲ್ವಿಚಾರಕನಾದ. ಗಣಿಯ ಅದಿರನ್ನು ಸಾಗಿಸಲು ಗುಡ್ಡವನ್ನು ಕೊರೆದು ಕಾಲುವೆ ತಂದ. ಕಾರ್ನ್‌ವಾಲಿನಲ್ಲಿ ನೀರು ತುಂಬಿ ಕೈಬಿಟ್ಟಿದ್ದ ಗಣಿಗಳನ್ನು ಉಗಿಯಂತ್ರಗಳಿಂದ ಬತ್ತಿಸಿ ಮತ್ತೆ ನಡೆಸಿದ. ಮೆಕ್ಸಿಕೋದ ಬೆಳ್ಳಿಯ ಗಣಿಗೆ ಕೈಹಾಕಿ ಮಾತ್ರ ಸೋತ. ಸೋಲಿನಿಂದ ಕಲಿತದ್ದು ವ್ಯರ್ಥವಾಗಲಿಲ್ಲ. ದೂರದ ದೇಶದ ಗಣಿಯನ್ನು ಲಂಡನ್ನಿನಲ್ಲಿ ಕುಳಿತು ನಡೆಸುವ ವಿದ್ಯೆ, ಎಂದರೆ ಕಂಪನಿ ಕಟ್ಟಿ ಷೇರು ಮಾರಿ, ನಂಬಿಕೆಯ ಕಾರ್ನಿಷ್ ಮೇಲ್ವಿಚಾರಕರನ್ನು ಕಳಿಸಿ, ವರದಿ ತರಿಸಿಕೊಳ್ಳುವ ಪದ್ಧತಿ, ಮನೆತನದ ಆಸ್ತಿಯಾಯಿತು. ಬೌರಿಂಗ್‌ಪೇಟೆಗೆ ರೈಲು ಬರುವುದಕ್ಕೆ ಒಂದು ವರ್ಷ ಮುಂಚೆ ಈತ ತೀರಿಕೊಂಡ. ಮಕ್ಕಳಾದ ಜಾನ್ ಮತ್ತು ರಿಚರ್ಡ್ ‘ಜಾನ್ ಟೇಲರ್ ಅಂಡ್ ಸನ್ಸ್’ ಎಂಬ ಹೆಸರಿನಲ್ಲಿ ವ್ಯವಹಾರ ಮುಂದುವರಿಸಿದರು. 1880ರಲ್ಲಿ ಕೋಲಾರಕ್ಕೆ ಬಂದ ಸಂಸ್ಥೆ ಇದೇ.

ಒಂದು ತೋಟದಲ್ಲಿ ಎರಡು ಕೊಂಬೆ

ಈಗ ಎರಡು ಮರಗಳು ತಾಗಿದ ಜಾಗಕ್ಕೆ ಹೋಗೋಣ. ಸಾರಾ ಟೇಲರ್ 1819ರಲ್ಲಿ ಜಾನ್ ಆಸ್ಟಿನ್ ಎಂಬ ನ್ಯಾಯಶಾಸ್ತ್ರಜ್ಞನನ್ನು ಮದುವೆಯಾದಳು. ಕಾನೂನು ಓದಿದವರಿಗೆಲ್ಲ ಗೊತ್ತಿರುವ ಆಸ್ಟಿನ್ ಈತನೇ. ದಂಪತಿಗಳು ಲಂಡನ್ನಿನಲ್ಲಿ ಮನೆ ಹೂಡಿದ್ದು ಬೆಂಥಮ್‌ನ ಮನೆಯ ಮಗ್ಗುಲಲ್ಲಿ. ಇನ್ನೊಂದು ಮಗ್ಗುಲಿಗೆ ಇಂಡಿಯಾದ ಚರಿತ್ರೆ ಬರೆದ ಜೇಮ್ಸ್ ಮಿಲ್ಲನ ಮನೆ. ಮಿಲ್ಲನ ಮಗ ಜಾನ್ ಸ್ಟುವರ್ಟನಿಗೆ ಜರ್ಮನ್ ಕಲಿಸಿದವಳು ಸಾರಾ. ಅವಳ ಪುಟ್ಟ ಮಗಳು ಲೂಸಿ ಬೆಂಥಮ್‌ನ ತೋಟದಲ್ಲಿ ಆಡಿ ಬೆಳೆದಳು. ಜಾನ್ ಬೌರಿಂಗ್ ತನ್ನ ಗುರುವನ್ನು ಕಾಣಲು ಬರುತ್ತಿದ್ದುದು ಇದೇ ಮನೆಗೆ. ನಾಳೆ ಕೋಲಾರದ ಚಿನ್ನವನ್ನು ಅಗೆಯುವ ಮನೆಯ ಹೆಣ್ಣುಮಗಳೂ, ನಾಳೆ ಆ ಗಣಿಯ ಬಾಗಿಲಿಗೆ ಹೆಸರು ಕೊಡುವವನ ತಂದೆಯೂ ಒಬ್ಬನೇ ಮುದುಕನ ನೆರಳಿನಲ್ಲಿದ್ದರು.

ಸಂಬಂಧ ಇಷ್ಟಕ್ಕೇ ನಿಲ್ಲುವುದಿಲ್ಲ. ಮತದ ಕಟ್ಟಿಲ್ಲದೆ ಎಲ್ಲರಿಗೂ ವಿದ್ಯೆ ಕೊಡಬೇಕೆಂದು ಬೆಂಥಮ್‌ನ ವಿಚಾರದವರು 1826ರಲ್ಲಿ ಲಂಡನ್ನಿನಲ್ಲಿ ಹೊಸ ವಿಶ್ವವಿದ್ಯಾಲಯವನ್ನು ಹುಟ್ಟುಹಾಕಿದರು. ಅದರ ಸ್ಥಾಪಕರಲ್ಲೊಬ್ಬನಾಗಿ, ಖಜಾಂಚಿಯಾಗಿ ದುಡಿದವನು ಗಣಿಯ ಜಾನ್ ಟೇಲರ್. ಅಲ್ಲಿ ನ್ಯಾಯಶಾಸ್ತ್ರವನ್ನು ಬೋಧಿಸಿದವನು ಅವನ ತಂಗಿಯ ಗಂಡ ಆಸ್ಟಿನ್. ಬೆಂಥಮ್‌ನ ಇಚ್ಛೆಯಂತೆ ಬಟ್ಟೆ ತೊಡಿಸಿ ಕುರ್ಚಿಯಲ್ಲಿ ಕೂರಿಸಿದ ಅವನ ಅಸ್ಥಿಪಂಜರವನ್ನು ಇಂದಿಗೂ ಇಟ್ಟಿರುವುದು ಅಲ್ಲಿಯೇ.

ಈ ಮನೆತನದ ಕಥೆಗೆ ಅಚ್ಚಾದ ಪುಸ್ತಕವೂ ಇದೆ. ಅಜ್ಜಿ ಸುಸಾನಾ, ಮಗಳು ಸಾರಾ, ಮೊಮ್ಮಗಳು ಲೂಸಿ ಈ ಮೂವರ ಚರಿತ್ರೆಯನ್ನು ಲೂಸಿಯ ಮಗಳು ಜಾನೆಟ್ ರಾಸ್ 1888ರಲ್ಲಿ ಪ್ರಕಟಿಸಿದಳು. ಅದೇ ದಶಕದಲ್ಲಿ ಅವಳ ಸೋದರಸಂಬಂಧಿಗಳ ಕಂಪನಿ ಕೋಲಾರದಲ್ಲಿ ಚಿನ್ನದ ದಾರಿಯನ್ನು ಕಂಡುಕೊಂಡಿತ್ತು. ಮೊದಮೊದಲು ತೋಡಿದ ಬಾವಿಗಳು ಬರಿದಾಗಿ, ಮೈಸೂರು ಕಂಪನಿಯ ಬಂಡವಾಳ ಕರಗಿಹೋಗುವುದರಲ್ಲಿದ್ದಾಗ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಮೇಲ್ವಿಚಾರಕ ಹಳಬರ ಗುಂಡಿಗಳ ಜಾಡು ಹಿಡಿದು ಹೋಗಿ ಚಾಂಪಿಯನ್ ಎಂಬ ಹೆಸರಿನ ಚಿನ್ನದ ಪಟ್ಟೆಯನ್ನು ಮುಟ್ಟಿದ. ಸೈನ್ಯದ ಕ್ಯಾಪ್ಟನನಲ್ಲ ಈತ. ಕಾರ್ನ್‌ವಾಲಿನಲ್ಲಿ ಗಣಿಯ ಮೇಲ್ವಿಚಾರಕನನ್ನು ಕರೆಯುತ್ತಿದ್ದುದೇ ಹಾಗೆ. ಇಲ್ಲೊಂದು ಮಾತನ್ನು ಗಮನಿಸಬೇಕು. ಹೊಸ ಯಂತ್ರಗಳಿಗೆ ದಾರಿ ತೋರಿಸಿದ್ದು ಹಳೆಯ ಗುಂಡಿಗಳೇ; ಮಾರಿಕುಪ್ಪದಲ್ಲಿ ವಾರನ್ ಕಂಡಂಥ ಹೆಸರಿಲ್ಲದ ಜನರ ಪೂರ್ವಿಕರು ತೋಡಿದ್ದ ಗುಂಡಿಗಳು.

ಬೆರಳಚ್ಚಿನ ವಂಶಾವಳಿ

ಟೇಲರರ ಕಾಲದಲ್ಲಿ ಗಣಿ ಕಂಡ ಏಳಿಗೆ ಸಾಮಾನ್ಯವಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ರೈಲಿನ ಕವಲು ಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ಕಾವೇರಿಯ ವಿದ್ಯುತ್ತನ್ನು ತಂದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದ ಕೆರೆಯ ನೀರು ಬಂತು. ಬಿಳಿಯರ ಬಂಗಲೆ, ಕ್ಲಬ್ಬು, ಇಗರ್ಜಿಗಳಿಂದ ಕೂಡಿ ‘ಪುಟ್ಟ ಇಂಗ್ಲೆಂಡ್’ ಎನಿಸಿಕೊಂಡಿತು. ಚಾಂಪಿಯನ್ ರೀಫಿನ ಬಾವಿ ಇಳಿಯುತ್ತ ಇಳಿಯುತ್ತ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಮೈಸೂರು ಸರಕಾರಕ್ಕೆ ಉತ್ಪನ್ನದ ಮೇಲೆ ರಾಜಧನ ಬರುತ್ತಿತ್ತು. ಮಿಕ್ಕ ಲಾಭ ಲಂಡನ್ನಿನ ಷೇರುದಾರರಿಗೆ.

ಆ ಆಳಕ್ಕೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಿನ ದಲಿತ ಕುಟುಂಬಗಳವರು. ಬರಗಾಲದಿಂದಲೂ ಊರಿನ ಜಾತಿಯ ಕಟ್ಟಿನಿಂದಲೂ ತಪ್ಪಿಸಿಕೊಂಡು ಬಂದವರು. ಮೇಲಿನ ಬಂಡೆಯ ಭಾರಕ್ಕೆ ಸುರಂಗದ ಕಲ್ಲು ತಾನಾಗಿ ಸಿಡಿಯುವುದುಂಟು. ಸಿಡಿದಾಗ ಕೆಳಗಿದ್ದವರು ಉಳಿಯುವುದು ಅವರ ಅದೃಷ್ಟ. ಸಿಡಿತದಿಂದ ಉಳಿದವರನ್ನು ಕಲ್ಲಿನ ಧೂಳು ಬಿಡುತ್ತಿರಲಿಲ್ಲ. ಅದು ಶ್ವಾಸಕೋಶ ಹೊಕ್ಕು ವರ್ಷಗಟ್ಟಲೆ ಕೆಮ್ಮಿಸುತ್ತಿತ್ತು.

1930ರಲ್ಲಿ ಕೂಲಿಕಾರರೆಲ್ಲರ ಬೆರಳಚ್ಚು ತೆಗೆದು ದಾಖಲೆಯಿಡಬೇಕೆಂದು ಕ್ರಮ ಹೊರಟಿತು. ಸಾವಿರಾರು ಮಂದಿ ಕೆಲಸ ಬಿಟ್ಟು ಹೊರಗೆ ನಿಂತರು. ಕಳ್ಳರಿಗೆ ಮಾಡುವುದನ್ನು ನಮಗೆ ಮಾಡುವುದೇ ಎಂಬುದು ಅವರ ಸಂಕಟ. ಹಿರಿಯರ ನೆನಪು, ಊರು, ಹೆಸರು ಎಲ್ಲವನ್ನೂ ಬಿಟ್ಟು ಬಂದವರಿಗೆ ಕಂಪನಿಯ ಪುಸ್ತಕದಲ್ಲಿ ದೊರೆಯಲಿದ್ದ ವಂಶಾವಳಿ ಒಂದು ಮಸಿಯ ಗುರುತು! ಇದನ್ನು ನೆನೆದಾಗ ನಾರಿಚ್‌ನ ಆ ಮನೆ ಕಣ್ಣಿಗೆ ಕಟ್ಟುತ್ತದೆ. ಸ್ವಾತಂತ್ರ್ಯದ ಮರದ ಸುತ್ತ ಕುಣಿದ ಸುಸಾನಾ, ಎಲ್ಲರಿಗೂ ವಿದ್ಯೆ ಬೇಕೆಂದ ಜಾನ್ ಇವರೆಲ್ಲ ಕಪಟಿಗಳಲ್ಲ. ತಮ್ಮ ಕಾಲದಲ್ಲಿ ತಮ್ಮ ದೇಶದಲ್ಲಿ ನಿಜವಾಗಿ ಒಳ್ಳೆಯದಕ್ಕಾಗಿ ದುಡಿದವರು. ಆದರೆ ಅತ್ಯಧಿಕ ಜನರ ಅತ್ಯಧಿಕ ಸುಖದ ಲೆಕ್ಕವನ್ನು ಕೂಡಿಸುವಾಗ ಮಾರಿಕುಪ್ಪದ ಜನ ಆ ಲೆಕ್ಕದ ಪುಸ್ತಕಕ್ಕೆ ಸೇರಲಿಲ್ಲ. ಸದ್ಗುಣವೂ ಆಸ್ತಿಯಂತೆ ಮಕ್ಕಳಿಗೆ ಇಳಿದುಬರುವುದೆಂದು ವಂಶಾವಳಿಗಳನ್ನು ಓದುವಾಗ ನಮಗೆ ಭ್ರಮೆಯಾಗುತ್ತದೆ. ಇಳಿದುಬರುವುದು ಹೆಸರು ಮತ್ತು ಷೇರು. ಗುಣವನ್ನು ಪ್ರತಿಯೊಬ್ಬನೂ ತಾನೇ ಸಂಪಾದಿಸಬೇಕು.

ನಮ್ಮ ನಾಡಿನಲ್ಲಿ ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು ಒಕ್ಕಲುಮನೆಗಳ ಹತ್ತಾರು ತಲೆಮಾರುಗಳನ್ನು ಬಾಯಿಪಾಠವಾಗಿ ಹೇಳಿ, ದವಸ ಪಡೆದು ಹೋಗುತ್ತಾರೆ. ಹೊಲಮನೆಯಿದ್ದವರಿಗೆ ಹೆಳವ, ಇಂಗ್ಲೆಂಡಿನವರಿಗೆ ಇಗರ್ಜಿಯ ದಾಖಲೆ, ಪತ್ರಗಳ ಕಟ್ಟು, ಮೊಮ್ಮಗಳು ಬರೆದ ಪುಸ್ತಕ. ಊರು ಬಿಟ್ಟು ಗಣಿಯ ತಗಡಿನ ಸಾಲುಮನೆಗೆ ಬಂದವನ ಬಾಗಿಲಿಗೆ ಯಾವ ಹೆಳವ ಬಂದಾನು?

ಗಣಿ 1956ರ ನವೆಂಬರಿನಲ್ಲಿ ಟೇಲರರಿಂದ ಮೈಸೂರು ಸರಕಾರದ ಕೈಗೆ ಬಂತು. 1962ರಲ್ಲಿ ಕೇಂದ್ರ ಸರಕಾರಕ್ಕೆ ಹೋಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನ ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿತು. ಬಾವಿಗೆ ಇಳಿಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಬೆಳಕು ಹರಿಯುವ ಮುಂಚೆ ಮಾರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿನ ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. ಬೌರಿಂಗನ ಡಬ್ಲ್ಯು ಅವರನ್ನು ದಿನಕ್ಕೆ ಎರಡು ಸಲ ನೋಡುತ್ತದೆ.

ಆಳದ ಸುರಂಗದಲ್ಲಿ ದುಡಿದವರು ಈಗ ಮುದುಕರಾಗಿದ್ದಾರೆ. ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ತಾತ ಯಾವ ಊರಿನಿಂದ ಬಂದ, ಯಾವ ಬಾವಿಗೆ ಇಳಿದ, ಅಜ್ಜಿಯ ತವರು ಯಾವುದು ಎಂಬುದನ್ನು ಇಂದು ಕೇಳಿ ಬರೆದಿಟ್ಟುಕೊಳ್ಳದಿದ್ದರೆ ನಾಳೆ ಹೇಳುವವರಿರುವುದಿಲ್ಲ. ಒಂದು ನೋಟು ಪುಸ್ತಕ, ಒಂದು ಭಾನುವಾರ ಸಾಕು. ಟೇಲರರ ಮನೆಯಲ್ಲಿ ಆ ಕೆಲಸ ಮಾಡಿದವಳು ಒಬ್ಬ ಮೊಮ್ಮಗಳು. ಗಣಿಯ ಮನೆಗಳಲ್ಲಿ ಮೊಮ್ಮಕ್ಕಳಿಗೇನು ಕೊರತೆ?